ನೆಲದ ಡಬ್ಬಿ

ಕುಕ್ಕರಮ್ಮನ ಕೆಲಸ ಕೊಲ್ಲುವುದು. ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಮುಖದಲ್ಲಿ ನಗುವಿನ ಗೆರೆಯೂ ಇಲ್ಲದೆ. ಪ್ರಯೋಗಾಲಯದ ಹಿಂಬದಿ ಕೋಣೆಯಲ್ಲಿ ಆಳೆತ್ತರದ ಉಕ್ಕಿನ ಕುಕ್ಕರ್ ಒಂದಿತ್ತು. ಅದರ ಬಾಗಿಲಿಗೆ ಲಾರಿಯ ಸ್ಟಿಯರಿಂಗಿನಷ್ಟು ಅಗಲದ ಚಕ್ರ. ಬಳಸಿದ ಗಾಜಿನ ತಟ್ಟೆ, ಕೊಳವೆ, ಶೀಸೆ, ಹತ್ತಿಯ ಉಂಡೆ ಎಲ್ಲವನ್ನೂ ಒಳಗೆ ತುರುಕಿ, ಚಕ್ರ ಬಿಗಿದು, ಹಬೆ ಬಿಟ್ಟರೆ ಮುಗಿಯಿತು. ಕಣ್ಣಿಗೆ ಕಾಣುವ ಬೂಷ್ಟಾಗಲಿ ಕಾಣದ ಹುಳವಾಗಲಿ ಉಸಿರು ಉಳಿಸಿಕೊಂಡು ಹೊರಗೆ ಬರುವ ಮಾತೇ ಇರಲಿಲ್ಲ. ಸೇರಿದ ಹೊಸದರಲ್ಲಿ ಆ ಯಂತ್ರದ ಸಿಳ್ಳಿಗೆ ಬೆಚ್ಚಿಬೀಳುತ್ತಿದ್ದವಳು ಈಗ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಚಹಾ ಕುಡಿಯುತ್ತಿದ್ದಳು. ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೆ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ.

ಸಿಳ್ಳಿನ ಭಯ ಹೋಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಮೇಲೆ ಅವಳ ಎಡಗಿವಿ ಸತ್ತುಹೋಗಿತ್ತು. ಲಾರಿಗೆ ಮೂಟೆ ಹೇರುತ್ತಿದ್ದ ಗಂಡ ಒಂದು ಮಧ್ಯಾಹ್ನ ಊಟ ತಣ್ಣಗಿದೆ ಎಂದು ಆ ತಟ್ಟೆಯಿಂದಲೇ ಬೀಸಿದ್ದ. ಕಿವಿಯಿಂದ ರಕ್ತ ಸುರಿದು ಕುಪ್ಪಸ ಒದ್ದೆಯಾದಾಗ ಕೂಸಾಗಿದ್ದ ಮಗಳು ಇನ್ನೂ ತೊಡೆಯ ಮೇಲಿದ್ದಳು. ಆ ಗಂಡ ಆಮೇಲೆ ಹೆಂಡದಂಗಡಿಯ ಮುಂದೆ ಯಾರದೋ ಚಾಕುವಿಗೆ ಹೊಟ್ಟೆ ಕೊಟ್ಟು ಸತ್ತ. ಕುಕ್ಕರಮ್ಮ ಅತ್ತಳು, ಅಳುವಾಗಲೂ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡೇ ಇದ್ದಳು ಎಂದು ಕಂಡವರು ಹೇಳುತ್ತಾರೆ.

ಆ ವರ್ಷ ಪ್ರಯೋಗಾಲಯದಲ್ಲಿ ಯೀಸ್ಟಿನದೇ ಮಾತು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಅದೇ ಯೀಸ್ಟನ್ನು ರಾಕೆಟ್ಟಿನಲ್ಲಿ ಆಕಾಶಕ್ಕೆ ಕಳಿಸುತ್ತಾರಂತೆ ಎಂದು ಕೇಳಿದಾಗ ಕುಕ್ಕರಮ್ಮ, "ಅಲ್ಲಿ ಯಾರು ಬೇಕರಿ ಇಟ್ಟಿದ್ದಾರೆ?" ಎಂದಿದ್ದಳು. ಪ್ರಯೋಗಾಲಯ ನಡೆಸುವ ಮೇಡಂ ನಕ್ಕು ಅವಳನ್ನು ಸೂಕ್ಷ್ಮದರ್ಶಕದ ಪರದೆಯ ಮುಂದೆ ಕೂರಿಸಿದ್ದರು. ಪರದೆಯ ತುಂಬ ಮೊಟ್ಟೆಯಾಕಾರದ ಕಣಗಳು.

"ಇದು ತಾಯಿ. ಇದರ ಮೈಮೇಲೆ ಮೊಗ್ಗಿನ ಥರ ಉಬ್ಬಿದೆಯಲ್ಲ, ಅದು ಮಗಳು. ಬೆಳೆದಮೇಲೆ ಕಳಚಿಕೊಂಡು ಹೋಗುತ್ತೆ. ಹೋದ ಜಾಗದಲ್ಲಿ ಗಾಯದ ಗುರುತು ಉಳಿಯುತ್ತೆ. ಇಲ್ಲಿ ನೋಡಿ, ಬಳೆ ಥರ."

"ಪ್ರತಿ ಮಗಳಿಗೂ ಒಂದೊಂದು ಗಾಯನಾ?"

"ಪ್ರತಿ ಮಗಳಿಗೂ."

"ಗಂಡುಮಕ್ಕಳು ಹುಟ್ಟಿದ್ರೆ?"

ಪಕ್ಕದಲ್ಲಿದ್ದ ಕನ್ನಡಕದ ಹುಡುಗಿ, ಮೇಡಂ ಕೈಕೆಳಗೆ ಸಂಶೋಧನೆ ಮಾಡುವವಳು, ಕಿಸಕ್ಕೆಂದಳು. "ನಾವು ಎಲ್ಲದಕ್ಕೂ ಮಗಳು ಅಂತಾನೇ ಕರೆಯೋದು, ಅಮ್ಮಾ."

"ಪುಣ್ಯ ಮಾಡಿವೆ ಬಿಡು."

ಮೇಲೆ ಹೋದಾಗ ಇದೇ ಯೀಸ್ಟಿನ ಬುದ್ಧಿ ಕೆಡುತ್ತದಂತೆ. ಮೈಗೆ ಭಾರವೇ ಇಲ್ಲದ ಜಾಗ ಅದು. ಮೊಗ್ಗು ಮೂಡಬೇಕಾದ ಕಡೆ ಮೂಡದೆ ಎಲ್ಲೆಂದರಲ್ಲಿ ಮೂಡುತ್ತದೆ. ಮಗಳು ತಾಯಿಯನ್ನು ಬಿಟ್ಟು ಹೋಗದೆ ಅಂಟಿಕೊಂಡು ಗುಂಪುಗುಂಪಾಗಿ ನಿಲ್ಲುತ್ತದೆ. ನಮ್ಮ ಮೈಯ ಒಳಗಿನ ಎಷ್ಟೋ ಕೆಲಸ ಯೀಸ್ಟಿನಲ್ಲೂ ಹಾಗೇ ನಡೆಯುವುದರಿಂದ, ಮೇಲೆ ಹೋಗುವ ಮನುಷ್ಯರಿಗೆ ಏನಾಗಬಹುದೆಂದು ಅದರಿಂದ ತಿಳಿಯಬೇಕು. ಇಷ್ಟು ಮೇಡಂ ಹೇಳಿದ್ದು. ಮಗಳು ಬಿಟ್ಟು ಹೋಗುವುದಿಲ್ಲ ಎಂಬ ಮಾತು ಮಾತ್ರ ಕುಕ್ಕರಮ್ಮನ ತಲೆಯಲ್ಲಿ ಕೂತಿತು.

ಅವಳ ಮಗಳು ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಕುಕ್ಕರಮ್ಮನ ಅಣ್ಣ ಮುಂದೆ ನಿಂತು ನೋಡಿದ ಸಂಬಂಧ. ಹುಡುಗ ವೆಲ್ಡರ್, ಗೇಟು ಕಿಟಕಿ ಮಾಡುವ ಅಂಗಡಿಯವನು, ಕೈಯಲ್ಲಿ ಕಸುಬಿದೆ ಎಂದು ಅಣ್ಣ ಹೊಗಳಿದ್ದ. ಕೈಯಲ್ಲಿ ಏನಿದೆ ಎಂದು ಮಗಳಿಗೆ ಬೇಗ ಗೊತ್ತಾಯಿತು. ಕೆನ್ನೆ ಊದಿಸಿಕೊಂಡು ಬಂದಳು, ತುಟಿ ಒಡೆದುಕೊಂಡು ಬಂದಳು, ಮುಂಗೈಯ ಮೇಲೆ ಸುಟ್ಟ ಗುಳ್ಳೆಗಳನ್ನು ಹೊತ್ತು ಬಂದಳು. ಬಂದಾಗಲೆಲ್ಲ ಕುಕ್ಕರಮ್ಮ ಬಿಸಿನೀರಿನ ಬಟ್ಟೆ ಹಿಂಡಿ ಒತ್ತುತ್ತಿದ್ದಳು, "ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡಿರು, ಸರಿಹೋಗ್ತಾನೆ" ಎನ್ನುತ್ತಿದ್ದಳು. ಮಗಳು ಏನೋ ಹೇಳಲು ಬಾಯಿ ತೆರೆದು, ತಾಯಿ ಪಾತ್ರೆ ಎತ್ತಿಕೊಂಡು ಅತ್ತ ತಿರುಗಿದ ಮೇಲೆ ಸುಮ್ಮನಾಗುತ್ತಿದ್ದಳು.

ಇತ್ತ ಡಬ್ಬಿಗಳು ಸಿದ್ಧವಾದವು. ಒಂದೇ ಅಚ್ಚಿನ ಎರಡು ಅಲ್ಯೂಮಿನಿಯಂ ಡಬ್ಬಿ. ನೋಡುವುದಕ್ಕೆ ಊಟದ ಡಬ್ಬಿ, ಎತ್ತಿದರೆ ಇಟ್ಟಿಗೆಗಿಂತ ಭಾರ. ಒಳಗೆ ಯೀಸ್ಟಿನ ತಿಳಿಸಾರು ತುಂಬಿದ ಸಣ್ಣ ಸಣ್ಣ ಚೀಲ. ಒಂದು ಮೇಲೆ ಹೋಗುವುದು, ಒಂದು ನೆಲದಲ್ಲೇ ಉಳಿಯುವುದು. ಮೇಲಿನದಕ್ಕೆ ಏನೇನು ಮಾಡುತ್ತಾರೋ ನೆಲದ್ದಕ್ಕೂ ಅಷ್ಟೂ ಮಾಡಬೇಕು. ಆಗ ಮಾತ್ರ, ಕೊನೆಗೆ ಕಂಡ ವ್ಯತ್ಯಾಸ ಆಕಾಶದ್ದೇ ಎಂದು ಹೇಳಬಹುದು.

ರಾಕೆಟ್ಟಿನ ಒದೆತ ತಡೆಯುತ್ತವೆಯೋ ಇಲ್ಲವೋ ಎಂದು ನೋಡಲು ಎರಡನ್ನೂ ಕುಲುಕುವ ಮೇಜಿಗೆ ಬಿಗಿದಿದ್ದರು. ಕುಕ್ಕರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಮೇಜು ಮೊದಲು ನಡುಗಿತು, ಆಮೇಲೆ ಗುಡುಗಿತು. ಡಬ್ಬಿಗಳು ಕಣ್ಣಿಗೆ ಮಸುಕಾಗುವಷ್ಟು ಅದುರಿದವು; ಒಂದು ಬೋಲ್ಟು ಕಿತ್ತು ಹಾರಿ ಗೋಡೆಯ ಸುಣ್ಣ ಉದುರಿಸಿತು. ನೆಲದ ನಡುಕ ಅವಳ ಹಲ್ಲುಗಳವರೆಗೆ ಏರಿತು.

"ಅದಂತೂ ಮೇಲೆ ಹೋಗುತ್ತೆ, ಒದೆ ತಿನ್ನಲಿ. ಎಲ್ಲಿಗೂ ಹೋಗದೆ ಇರೋ ಇದಕ್ಯಾಕೆ ಒದೆ?"

"ಇಬ್ಬರಿಗೂ ಸಮ ಇರಬೇಕಲ್ಲ ಅಮ್ಮಾ," ಎಂದಳು ಕನ್ನಡಕದ ಹುಡುಗಿ.

ರಾಕೆಟ್ಟು ಹಾರಿತು. ಬೆಂಕಿ ಉಗುಳಿ ಅದು ಏರುವುದನ್ನು ಎಲ್ಲರೂ ಪರದೆಯಲ್ಲಿ ನೋಡಿ ಚಪ್ಪಾಳೆ ತಟ್ಟಿದರು. ನೆಲದ ಡಬ್ಬಿಯನ್ನು ಬೆಚ್ಚನೆ ಕೋಣೆಯಲ್ಲಿಟ್ಟು, ತಂತಿ ಸಿಕ್ಕಿಸಿ, ಕೆಂಪು ಪಟ್ಟಿ ಅಂಟಿಸಿದರು. ಬೆಚ್ಚನೆ ಕೋಣೆಯೆಂದರೆ ಕಿಟಕಿಯಿಲ್ಲದ ಚಿಕ್ಕ ಕೋಣೆ; ಸದಾ ಒಂದೇ ಹದದ ಶಾಖ, ಸುತ್ತ ಗಾಜಿನ ಶೀಸೆ ತುಂಬಿದ ಕಪಾಟು. ಮೇಲಿನ ಡಬ್ಬಿ ಇಳಿದು ಬರುವ ತನಕ ಯಾರೂ ಒಳಗೆ ಕಾಲಿಡಬಾರದೆಂದು ಮೇಡಂ ಹೇಳಿ, ಬೀಗದ ಕೈಯನ್ನು ಕುಕ್ಕರಮ್ಮನ ಸೊಂಟಕ್ಕೆ ಸಿಕ್ಕಿಸಿದರು. ಆ ಕೋಣೆಗೆ ಹಳೆಯ ಕಟ್ಟುಪಾಡೊಂದಿತ್ತು. ಚಪ್ಪಲಿಯ ಧೂಳು ಒಳಗೆ ಹೋಗಬಾರದು; ಬಾಗಿಲ ಹೊರಗೆ ಬಿಟ್ಟು, ಗೋಡೆಗೆ ಜೋಡಿಸಿಟ್ಟೇ ಹೋಗಬೇಕು. ಮೇಡಂ ಮರೆತರೂ ಕುಕ್ಕರಮ್ಮ ಬಿಡುತ್ತಿರಲಿಲ್ಲ. "ಮೇಡಂ, ಚಪ್ಪಲಿ," ಎಂದರೆ ಮೇಡಂ ಶಾಲೆಯ ಮಗುವಿನಂತೆ ಹಿಂದೆ ಹೆಜ್ಜೆ ಇಡುತ್ತಿದ್ದರು.

ಮಗಳು ಬಂದದ್ದು ಒಂದು ಬೆಳಿಗ್ಗೆ, ಗ್ಯಾಸ್ ಸಿಲಿಂಡರ್ ಇಳಿಸುವ ಹಿಂಬಾಗಿಲಿನಿಂದ. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಕುತ್ತಿಗೆಯ ಮೇಲೆ ಬೆರಳುಗಳ ಗುರುತು, ಎಣಿಸಬಹುದಾದಷ್ಟು ಸ್ಪಷ್ಟ.

"ಅಮ್ಮಾ, ಈ ಸಲ ಅವನು ಕತ್ತು ಹಿಸುಕಿದ. ಮೇಲಿನ ಮನೆಯೋರು ಬಾಗಿಲು ಬಡಿದಿದ್ದಕ್ಕೆ ಬಿಟ್ಟ. ನಾನಿನ್ನು ಅಲ್ಲಿಗೆ ಹೋದ್ರೆ ನನ್ನ ಹೆಣ ಬರುತ್ತೆ."

ಹಲ್ಲು ಕಚ್ಚಿಕೊಂಡಿರು ಎನ್ನುವ ಮಾತು ಕುಕ್ಕರಮ್ಮನ ಬಾಯಿಗೆ ಬಂದು ಒಣಗಿಹೋಯಿತು. ಹಬೆ ಬಿಡುವ ಹೊತ್ತು ಅದು. ಒಲೆಯ ಮೇಲೆ ಹಾಲಿಟ್ಟವಳ ಹಾಗೆ ಅತ್ತ ಇತ್ತ ನೋಡಿದಳು. ಮನೆಗೆ ಕಳಿಸಿದರೆ ಅವನು ಮೊದಲು ಬರುವುದೇ ಅಲ್ಲಿಗೆ. ಇಡೀ ಕಟ್ಟಡದಲ್ಲಿ ಯಾರೂ ಕಾಲಿಡದ ಜಾಗ ಒಂದೇ, ಅದರ ಬೀಗದ ಕೈ ಸೊಂಟದಲ್ಲೇ ಇದೆ.

"ಬಾ. ಸಂಜೆ ತನಕ ಇಲ್ಲಿರು. ಕನ್ನಡಕದ ಹುಡುಗಿಗೆ ಹೇಳಿ ಅವಳ ಹಾಸ್ಟೆಲಿನಲ್ಲಿ ಜಾಗ ಕೇಳ್ತೀನಿ. ಒಳಗಿಂದ ಚಿಲಕ ಹಾಕ್ಕೋ. ಆ ಕೆಂಪು ಪಟ್ಟಿ ಇರೋ ಡಬ್ಬಿ ಮುಟ್ಟಬೇಡ." ಬಾಗಿಲು ತೆರೆದವಳು ತಟ್ಟನೆ ತಡೆದಳು. "ಚಪ್ಪಲಿ."

ಮಗಳು ಚಪ್ಪಲಿ ಬಿಟ್ಟಳು. ಕುಕ್ಕರಮ್ಮ ಅದನ್ನು ಕಾಲಿನಿಂದಲೇ ಸರಿಸಿ ಗೋಡೆಗೆ ಜೋಡಿಸಿದಳು. ಅಷ್ಟು ವರ್ಷದ ಅಭ್ಯಾಸ. ಕೈಕಾಲು ತಾವಾಗಿಯೇ ಮಾಡಿದ ಕೆಲಸ. ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ.

ವೆಲ್ಡರ್ ಮೊದಲು ಅತ್ತೆಯ ಮನೆಯ ಬಾಗಿಲು ಮುರಿದ. ಒಳಗೆ ಯಾರೂ ಇಲ್ಲದ್ದು ಕಂಡು, ಸಿಕ್ಕಿದ ಕನ್ನಡಿ, ಸಿಕ್ಕಿದ ಮಡಕೆ ಒಡೆದ. ಆಮೇಲೆ ತಲೆ ಬಾಚಿಕೊಂಡು, ಒಂದು ಬ್ರೆಡ್ಡಿನ ಪೊಟ್ಟಣ ಕೊಂಡುಕೊಂಡು, ಪ್ರಯೋಗಾಲಯದ ಗೇಟಿಗೆ ಬಂದ.

"ಅತ್ತೆಗೆ ಊಟ ತಂದಿದ್ದೆ," ಎಂದ ಗೇಟಿನವನಿಗೆ.

"ಇಂಥ ಅಳಿಯ ಎಲ್ಲರಿಗೂ ಸಿಗ್ಬೇಕು ಕಣಪ್ಪಾ," ಎಂದು ಗೇಟಿನವನು ದಾರಿ ಬಿಟ್ಟ. ಆ ಮಾತನ್ನು ನೆನೆಸಿಕೊಂಡು ಅವನು ಆಮೇಲೆ ಬಹಳ ದಿನ ಹಣೆ ಹಣೆ ಚಚ್ಚಿಕೊಂಡ.

ಊಟದ ಹೊತ್ತು. ಮೇಡಂ, ಹುಡುಗಿ, ಉಳಿದವರೆಲ್ಲ ಮಹಡಿಯ ಮೇಲಿದ್ದರು. ವೆಲ್ಡರ್ ಕಾರಿಡಾರಿನಲ್ಲಿ ಒಂದೊಂದೇ ಬಾಗಿಲು ನೋಡುತ್ತ ಬಂದ. ಕಿಟಕಿಯಿಲ್ಲದ ಬಾಗಿಲೊಂದರ ಪಕ್ಕ ಒಂದು ಜೊತೆ ನೀಲಿ ಚಪ್ಪಲಿ, ಮಿಲಿಟರಿಯವರು ಜೋಡಿಸಿದ ಹಾಗೆ. ಬಲಗಾಲಿನದರ ಬಾರು ಕಿತ್ತಾಗ ತನ್ನ ಅಂಗಡಿಯ ತಂತಿಯಿಂದ ಅದನ್ನು ಬಿಗಿದುಕೊಟ್ಟವನು ಅವನೇ.

ಕುಕ್ಕರಮ್ಮ ಹಿಂಬದಿ ಕೋಣೆಯಲ್ಲಿ ಮೊಣಕೈವರೆಗಿನ ದಪ್ಪ ಕೈಗವಸು ತೊಟ್ಟು ಕುಕ್ಕರಿನಿಂದ ಬಿಸಿ ಶೀಸೆಗಳನ್ನು ಹೊರತೆಗೆಯುತ್ತಿದ್ದಳು. ಅವಳ ಎಡಗಿವಿ ಕಾರಿಡಾರಿನ ಕಡೆಗಿತ್ತು, ಬಲಗಿವಿಯ ತುಂಬ ಶೀಸೆಗಳ ಸದ್ದು. ಮೊದಲ ಒದೆತ ಕೇಳಲಿಲ್ಲ. ಎರಡನೆಯದೂ ಕೇಳಲಿಲ್ಲ. ಚಿಲಕ ಕಿತ್ತು, ಬಾಗಿಲು ಗೋಡೆಗೆ ಬಡಿದು, ನೆಲ ಅದುರಿದಾಗ ಅಂಗಾಲಿಗೆ ತಿಳಿಯಿತು, ಕುಲುಕುವ ಮೇಜಿನ ನಡುಕದ ಹಾಗೆ. ಓಡಿದಳು.

ಅವನು ಮಗಳ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳ ಮುಖವನ್ನು ಕಪಾಟಿಗೆ ಅಪ್ಪಳಿಸುತ್ತಿದ್ದ. ಒಂದೊಂದು ಏಟಿಗೂ ಶೀಸೆಗಳು ಸಾಲಾಗಿ ಉರುಳಿ ನೆಲಕ್ಕೆ ಬಿದ್ದು ಚೂರಾಗುತ್ತಿದ್ದವು. ಮಗಳ ಬರಿಗಾಲು ಗಾಜಿನ ಮೇಲೆ ಜಾರಿ ನೆಲ ಕೆಂಪಾಗಿತ್ತು.

"ಬಿಡೋ! ಬಿಡೋ ನನ್ನ ಮಗಳನ್ನ!"

ಕುಕ್ಕರಮ್ಮ ಹಿಂದಿನಿಂದ ಅವನ ಕುತ್ತಿಗೆಗೆ ಜೋತುಬಿದ್ದಳು. ಅವನು ಮೊಣಕೈಯಿಂದ ಒಮ್ಮೆ ತಿವಿದ. ಅವಳ ಪಕ್ಕೆಲುಬಿನಲ್ಲಿ ಏನೋ ಲಟಕ್ಕೆಂದಿತು. ಗೋಡೆಗೆ ಹೋಗಿ ಬಿದ್ದಳು.

"ನಿಮ್ಮನ್ನ ಆಮೇಲೆ ವಿಚಾರಿಸ್ಕೊತೀನಿ ಅತ್ತೆ. ಮೊದಲು ಇವಳು," ಎಂದು ಅವನು ಮಗಳನ್ನು ನೆಲಕ್ಕೆ ಕೆಡವಿ, ಎದೆಯ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಕತ್ತು ಹಿಡಿದ. ಮಗಳ ಹಿಮ್ಮಡಿಗಳು ಗಾಜಿನ ಚೂರುಗಳನ್ನು ಒದೆಯುತ್ತಿದ್ದವು, ಆಮೇಲೆ ನಿಧಾನವಾದವು.

ಕುಕ್ಕರಮ್ಮ ಎದ್ದಳು. ಅಲುಗಾಡದೆ ಉಳಿದಿದ್ದದ್ದು ಒಂದೇ, ತಿರುಪು ಹಾಕಿ ಕೂರಿಸಿದ ಮೂಲೆಯ ಹಲಗೆ. ಅದರ ಮೇಲೆ ಕೆಂಪು ಪಟ್ಟಿಯ ಡಬ್ಬಿ. ಕೈಗವಸಿನ ಎರಡೂ ಕೈಯಿಂದ ಹಿಡಿದು ಎಳೆದಳು. ತಂತಿಗಳು ಟಪಟಪನೆ ಕಿತ್ತುಬಂದವು. ಎತ್ತಿ, ಅವನ ಕಿವಿಯ ಮೇಲ್ಭಾಗಕ್ಕೆ ಬೀಸಿದಳು.

ಅವನು ತಲೆ ಕೊಡವಿ ತಿರುಗಿ ನೋಡಿದ, ನಂಬದವನ ಹಾಗೆ. ಇನ್ನೊಮ್ಮೆ ಬೀಸಿದಳು. ಡಬ್ಬಿಯ ಮೂಲೆ ಹಣೆಗೆ ನಾಟಿತು. ಮುಚ್ಚಳ ಸೀಳಿ ಯೀಸ್ಟಿನ ಸಾರು ಅವನ ಮುಖದ ಮೇಲೆಲ್ಲ ಚೆಲ್ಲಿತು, ರಕ್ತದ ಜೊತೆ ಬೆರೆತು ಇಳಿಯಿತು. ಕೋಣೆಯ ತುಂಬ ಹುಳಿ ಹಿಟ್ಟಿನ ವಾಸನೆ. ಅವನು ಪಕ್ಕಕ್ಕೆ ಉರುಳಿದ. ಕುಕ್ಕರಮ್ಮ ಮೂರನೆಯ ಸಲ ಎತ್ತಿದಳು. ಅವಳ ಕಣ್ಣಿನಲ್ಲಿ ಅಳಿಯ ಇರಲಿಲ್ಲ. ಊಟದ ತಟ್ಟೆ ಹಿಡಿದ ಕೈಯೊಂದು ಇತ್ತು.

"ಅಮ್ಮಾ... ಸಾಕು," ಎಂದಳು ಮಗಳು, ಗಾಳಿ ಎಳೆದುಕೊಳ್ಳುತ್ತ. "ಸತ್ತುಹೋಗ್ತಾನೆ."

"ಹೋಗ್ಲಿ."

"ನಿನ್ನನ್ನ ಒಳಗೆ ಹಾಕ್ತಾರಮ್ಮ. ಆಮೇಲೆ ನನಗೆ ಯಾರಿದ್ದಾರೆ?"

ಡಬ್ಬಿ ಕೈಯಿಂದ ಜಾರಿತು.

ಅವನು ಸಾಯಲಿಲ್ಲ. ಬುರುಡೆ ಬಿರುಕುಬಿಟ್ಟಿತ್ತು, ಹೊಲಿಗೆ ಹಾಕಿದರು. ಹಾಸಿಗೆಯ ಮೇಲಿಂದಲೇ ಅತ್ತೆಯ ಮೇಲೆ ಕೊಲೆ ಪ್ರಯತ್ನದ ದೂರು ಬರೆಸಿದ. ಊಟ ಕೊಡಲು ಹೋದವನಿಗೆ ಹೊಡೆದಳೆಂದು ಅವನ ಮಾತು. ಬ್ರೆಡ್ಡಿನ ಪೊಟ್ಟಣ ಕಾರಿಡಾರಿನಲ್ಲಿ ಬಿದ್ದೇ ಇತ್ತು. ಕುಕ್ಕರಮ್ಮನನ್ನು ಠಾಣೆಗೆ ಕರೆದೊಯ್ದರು. ಏನು ಕೇಳಿದರೂ, "ಹೊಡೆದೆ, ಹೌದು" ಎಂದಷ್ಟೇ ಹೇಳಿದಳು. ಮಗಳು ಆಸ್ಪತ್ರೆಯಲ್ಲಿ ಕಾಲಿನಿಂದ ಗಾಜು ತೆಗೆಸಿಕೊಳ್ಳುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಜಾಮೀನಿಗೆ ನಿಂತವರು ಮೇಡಂ. ಬಂದವರ ಮುಖ ಗಂಟಿಕ್ಕಿತ್ತು.

"ಕೋಣೆಯೊಳಗೆ ಯಾರನ್ನೂ ಬಿಡಬೇಡಿ ಅಂದಿದ್ದೆ, ಕುಕ್ಕರಮ್ಮಾ."

"ಹೌದು ಮೇಡಂ."

"ನೆಲದ ಡಬ್ಬಿ ಇಲ್ಲದೆ ಮೇಲಿನದು ಏನೂ ಅಲ್ಲ. ಬರೀ ಸಾರು. ಎಷ್ಟು ಜನ ಎಷ್ಟು ವರ್ಷ ಒದ್ದಾಡಿದ್ದೀವಿ ಗೊತ್ತಾ?"

"ಗೊತ್ತು ಮೇಡಂ. ಕೆಲಸದಿಂದ ತೆಗೆದುಬಿಡಿ."

ಮೇಡಂ ಜಾಮೀನಿನ ಕಾಗದ ಮಡಚಿ ಚೀಲಕ್ಕೆ ತುರುಕಿದರು. ಆಮೇಲೆ ಸಿಟ್ಟಿನಲ್ಲೇ ಹೇಳಿದರು: "ನೆಲದ್ದನ್ನ ಮತ್ತೆ ಇಡಬಹುದು. ಮೇಲಿನದಕ್ಕೆ ಏನೇನಾಯ್ತೋ ಅದನ್ನೇ ಮೊದಲಿಂದ ಮಾಡಿಸಿ ಮತ್ತೆ ಬೆಳೆಸ್ತೀವಿ. ನಿಮ್ಮ ಮಗಳನ್ನ ಮತ್ತೆ ಎಲ್ಲಿಂದ ಬೆಳೆಸ್ತಿದ್ರಿ?" ಕಣ್ಣು ಒರೆಸಿಕೊಂಡು, "ಅಳಿಯ ಹೊಡೀತಾನೆ ಅಂತ ನನಗೆ ಮೊದಲೇ ಹೇಳೋಕೆ ನಿಮಗೇನು ಕಷ್ಟ ಆಗಿತ್ತು?" ಎಂದರು.

ಅಳಿಯನ ತಲೆಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ, ಅಣ್ಣ ರಾಜಿಗೆ ಬಂದ. ಜೊತೆಗೆ ವೆಲ್ಡರ್. ಮುರಿದ ಬಾಗಿಲಿಗೆ ಕುಕ್ಕರಮ್ಮ ಗೋಣಿತಾಟು ಕಟ್ಟಿದ್ದಳು. ಅದನ್ನು ಸರಿಸಿ ಒಳಗೆ ಬಂದು, ಕನ್ನಡಿಯಿಲ್ಲದ ಗೋಡೆಯ ಕೆಳಗೆ ಇಬ್ಬರೂ ಕೂತರು. ಮಗಳು ಕಾಲಿಗೆ ಬಟ್ಟೆ ಸುತ್ತಿಕೊಂಡು ಒಲೆಯ ಹತ್ತಿರ ಇದ್ದಳು.

"ನೋಡಮ್ಮಾ," ಎಂದ ಅಣ್ಣ. "ಆಗಿದ್ದು ಆಗಿಹೋಯ್ತು. ಇವನು ದೊಡ್ಡ ಮನಸ್ಸು ಮಾಡಿದ್ದಾನೆ. ಹೆಂಡತಿ ಮನೆಗೆ ಬಂದ್ರೆ ದೂರು ವಾಪಸ್ ತಗೊಳ್ತಾನಂತೆ. ಇಲ್ಲಾಂದ್ರೆ ನೀನು ಜೈಲಿಗೆ. ಈ ವಯಸ್ಸಿನಲ್ಲಿ ನಿನಗೆ ಅದೆಲ್ಲ ಬೇಕಾ?"

"ಅತ್ತೆ ಒಂದು ಮಾತು ತಪ್ಪಾಯ್ತು ಅಂದ್ರೆ ಸಾಕು," ಎಂದ ವೆಲ್ಡರ್, ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತ.

"ನಾನು ಜೈಲಿಗೆ ಹೋಗ್ತೀನಿ," ಎಂದಳು ಕುಕ್ಕರಮ್ಮ. "ಅಲ್ಲೂ ಪಾತ್ರೆ ತೊಳೆಯೋರು ಬೇಕಾಗಿರುತ್ತೆ. ಇವಳು ಬರಲ್ಲ."

"ನೀನು ಸುಮ್ನಿರು. ಅವಳನ್ನ ಕೇಳೋಣ," ಎಂದು ಅಣ್ಣ ಸೋದರಸೊಸೆಯ ಕಡೆ ತಿರುಗಿದ. "ನಿಮ್ಮಮ್ಮನ್ನ ಜೈಲಿಗೆ ಕಳಿಸ್ತೀಯೇನಮ್ಮ?"

ಮಗಳು ಎದ್ದಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ. ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ಹಾಕಿದಳು. ನನ್ನನ್ನು ಉಳಿಸಲು ಇವಳು ಸಾಯಲು ಹೊರಟಳು, ಅಷ್ಟೇ ಕುಕ್ಕರಮ್ಮನ ತಲೆಗೆ ಹೊಳೆದದ್ದು. ವೆಲ್ಡರ್ ನಗುತ್ತ ಎದ್ದು ನಿಂತ.

"ನಡಿ ಮತ್ತೆ. ಬಟ್ಟೆ ಆಮೇಲೆ ತರಿಸ್ಕೊಂಡ್ರಾಯ್ತು."

"ನಿನ್ನ ಜೊತೆ ಅಲ್ಲ," ಎಂದಳು ಮಗಳು. ಆಗ ನೋಡಿದರೆ ಅವಳು ಮೆಟ್ಟಿದ್ದು ತಾಯಿಯ ಚಪ್ಪಲಿ. ತಂತಿ ಬಿಗಿದ ನೀಲಿ ಜೊತೆ ಅಲ್ಲೇ ಇತ್ತು. "ಸ್ಟೇಷನ್‌ಗೆ ಹೋಗ್ತಿದ್ದೀನಿ ಮಾವ. ಅಮ್ಮ ಹೊಡೆದ ಎರಡು ಏಟನ್ನ ಎಲ್ಲರೂ ಬರ್ಕೊಂಡ್ರು. ನನಗೆ ಬಿದ್ದಿದ್ದನ್ನ ಇನ್ನೂ ಯಾರೂ ಬರ್ಕೊಂಡಿಲ್ಲ."

ವೆಲ್ಡರ್ ಎರಡೇ ಹೆಜ್ಜೆಯಲ್ಲಿ ಗೋಣಿತಾಟಿಗೆ ಅಡ್ಡ ನಿಂತು ಕೈ ಎತ್ತಿದ. "ಕಾಲು ಮುರೀತೀನಿ ನಿನ್ನ!"

"ಏಯ್, ನನ್ನ ಎದುರಿಗೇನಾ?" ಎಂದು ಅಣ್ಣ ಗಡಬಡಿಸಿ ಎದ್ದ. ಇಷ್ಟು ವರ್ಷ ತಾನು ಹೊಗಳಿದ ಕೈಯನ್ನು ಅವನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು.

ಕುಕ್ಕರಮ್ಮ ಆಗಲೇ ಮಗಳ ಮುಂದೆ ಬಂದು ನಿಂತಿದ್ದಳು. ಪಕ್ಕೆಲುಬಿನ ನೋವಿಗೆ ಸರಿಯಾಗಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ವೆಲ್ಡರ್ ಅವಳ ಕೈ ನೋಡಿದ. ಬರಿಗೈ. ಆದರೂ ಎತ್ತಿದ ಕೈ ತಾನಾಗಿ ಹಣೆಯ ಪಟ್ಟಿಯ ಕಡೆ ಹೋಯಿತು, ಅವನು ಪಕ್ಕಕ್ಕೆ ಸರಿದ.

ಕಾಲಿಗೆ ಉಳಿದಿದ್ದದ್ದು ಮಗಳ ನೀಲಿ ಚಪ್ಪಲಿ. ಅದನ್ನೇ ಮೆಟ್ಟಿಕೊಂಡು ಕುಕ್ಕರಮ್ಮ ಬೀದಿಗೆ ಇಳಿದಳು. ಹೆಜ್ಜೆ ಹೆಜ್ಜೆಗೂ ತಂತಿಯ ತುದಿ ಬೆರಳಿಗೆ ಚುಚ್ಚುತ್ತಿತ್ತು. ಇಷ್ಟು ದಿನ ಇದನ್ನು ಹಾಕಿಕೊಂಡು ಹೇಗೆ ನಡೆದಳೋ ಎಂದುಕೊಂಡಳು. ಕೇಳಬೇಕೆನಿಸಿತು, ಆದರೆ ಮಗಳು ಕುಂಟುತ್ತಲೇ ಮುಂದೆ ಹೋಗಿಬಿಟ್ಟಿದ್ದಳು.

ಠಾಣೆಯಲ್ಲಿ ಮಹಿಳಾ ಪೊಲೀಸ್ ಒಬ್ಬಳು ಕಾಗದ ಎಳೆದುಕೊಂಡಳು. ಮಗಳ ಕುತ್ತಿಗೆಯ ಗುರುತುಗಳು ಹಳದಿಗೆ ತಿರುಗಿದ್ದವು, ಇನ್ನೂ ಮಾಸಿರಲಿಲ್ಲ.

"ಮೊದಲಿಂದ ಹೇಳಮ್ಮ."

"ಮೊದಲಿಂದ ಅಂದ್ರೆ?"

"ಅವನು ಮೊದಲು ಕೈ ಎತ್ತಿದ್ದು ಯಾವಾಗ?"

"ಮದುವೆ ಆದ ವಾರದಲ್ಲಿ," ಎಂದಳು ಮಗಳು. "ಯಾರಿಗೂ ಹೇಳಿಲ್ಲ. ಕೇಳೋರು ಇರ್ಲಿಲ್ಲ."

ಬೆಂಚಿನ ಮೇಲೆ ಮಗಳು ಕುಕ್ಕರಮ್ಮನ ಎಡಗಡೆಗೆ ಕೂತಿದ್ದಳು. ಕುಕ್ಕರಮ್ಮ ಪಕ್ಕೆ ಹಿಡಿದುಕೊಂಡು ಎದ್ದಳು, ಸುತ್ತಿಬಂದು ಮಗಳ ಇನ್ನೊಂದು ಪಕ್ಕಕ್ಕೆ ಕೂತು, ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿದಳು.

"ಹೇಳು," ಎಂದಳು.